ಚಾಂದಪಾಶಾ ಚಾಚಾ ಹಾಸಿದ ಪೇಪರು

ಚಾಂದಪಾಶಾ ಚಾಚಾ ಯಾವ ಯಂತ್ರವನ್ನೂ ಮೊದಲು ಮುಟ್ಟುತ್ತಿರಲಿಲ್ಲ, ಮೂಸುತ್ತಿದ್ದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಸೊಂಟ ಬಗ್ಗಿಸಿ, ಸಂತೆಯಲ್ಲಿ ಮೀನು ನೋಡುವವರ ಹಾಗೆ ವ್ಯಾಯಾಮದ ಸೈಕಲ್ಲಿನ ಹಿಡಿಕೆಯ ಹತ್ತಿರ ಮೂಗು ಒಯ್ಯುತ್ತಿದ್ದರು. ಆಮೇಲೆ ಮುಖ ಕಿವುಚಿ, ಒಂದು ಹೆಜ್ಜೆ ಹಿಂದೆ ಸರಿದು, "ಥೂ! ಇದರ ಮ್ಯಾಲ ಮನಷ್ಯಾರು ಏರ್ತಾರೋ, ಎಮ್ಮಿ ಏರ್ತಾವೋ?" ಎಂದು ಕೇಳುತ್ತಿದ್ದರು. ಎಡಗಿವಿಯ ಮಡಿಕೆಯಲ್ಲಿ ಯಾವಾಗಲೂ ಅತ್ತರಿನ ಹತ್ತಿ ಇರುತ್ತಿತ್ತು. ಅದನ್ನು ತೆಗೆದು ಒಮ್ಮೆ ಮೂಸಿ, ಮತ್ತೆ ಕಿವಿಗಿಟ್ಟುಕೊಂಡು, ಆಮೇಲಷ್ಟೇ ಸ್ಕ್ರೂಡ್ರೈವರ್ ಹಿಡಿಯುತ್ತಿದ್ದರು.

ನನಗೆ ಅವರು ಹಿಡಿಸಿದ್ದು ಈ ಹೇಸಿಕೆಯ ಕಾರಣಕ್ಕೇ. ನಾನೂ ಅದೇ ಜಾತಿಯವಳು. ಬೀದರಿನ ಧನರಾಜ ಅಣ್ಣನ ಜಿಮ್ಮಿನಲ್ಲಿ ಹೆಂಗಸರ ಬ್ಯಾಚು ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಆಗ ಐದು ವರ್ಷವಾಗಿತ್ತು. ಆ ಐದು ವರ್ಷದಲ್ಲಿ ನಾನು ಒರೆಸಿದ ಬೆವರು ಒಂದು ಕೆರೆಯಾದೀತು. ಒದ್ದೆ ಟವೆಲನ್ನು ಯಂತ್ರದ ಮೇಲೆ ಹರವಿ ಹೋಗುವವರು, ತಲೆಗೂದಲು ಸುತ್ತಿ ಪೆಡಲಿಗೆ ಸಿಕ್ಕಿಸುವವರು, ಗುಟ್ಕಾ ಚೀಟಿಯನ್ನು ಸೀಟಿನ ಸಂದಿಗೆ ತುರುಕುವ ಗಂಡಸರು. ತಮ್ಮ ಬೆವರು ಮಲ್ಲಿಗೆ ಹೂವಿನ ಹಾಗೆ ಘಮಘಮಿಸುತ್ತದೆ ಎಂದು ಇವರಿಗೆಲ್ಲ ಯಾರು ಹೇಳಿದ್ದಾರೋ! ಬೆಳಿಗ್ಗೆ ಭಾಲ್ಕಿಯಿಂದ ಬಸ್ಸಿನಲ್ಲಿ ಬಂದು ಜಿಮ್ಮಿನ ಬಾಗಿಲು ತೆಗೆದರೆ ಒಳಗಿನ ಗಾಳಿ ಮುಖಕ್ಕೆ ಒದ್ದೆ ಗೋಣಿಚೀಲ ಹೊದಿಸಿದಂತಾಗುತ್ತಿತ್ತು.

ಧನರಾಜ ಅಣ್ಣನಿಗೆ ಮೂರು ಜಿಮ್ಮು. ಬೀದರಿನಲ್ಲೊಂದು, ಭಾಲ್ಕಿಯಲ್ಲೊಂದು, ಔರಾದಿನಲ್ಲೊಂದು. ಮೂರಕ್ಕೂ ರಿಪೇರಿಯವರು ಚಾಚಾ ಒಬ್ಬರೇ. ಅವರ ಊರು ಜನವಾಡ. ಮೊದಲು ಕೊಳಾರದ ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದರು. ಅದು ಬಾಗಿಲು ಹಾಕಿದ ಮೇಲೆ ಮಿಕ್ಸರು, ಟೀವಿ ಎನ್ನುತ್ತ ಈ ಜಿಮ್ಮಿನ ಯಂತ್ರಗಳಿಗೆ ಬಂದು ನಿಂತರು. ಹಳೆಯ ಮೋಟರ್‌ಸೈಕಲ್ಲಿನ ಹಿಂದೆ ಒಂದು ಸ್ಟೀಲಿನ ಬುತ್ತಿ ಡಬ್ಬಿ ಕಟ್ಟಿಕೊಂಡು ಬರುತ್ತಿದ್ದರು. ಮೇಲಿನ ಖಾನೆಯಲ್ಲಿ ರೊಟ್ಟಿ, ನಡುವಿನದರಲ್ಲಿ ಸ್ಕ್ರೂಡ್ರೈವರು, ಕೆಳಗಿನದರಲ್ಲಿ ಸ್ಪಿರಿಟ್ ಬಾಟಲಿ ಮತ್ತು ಸವೆದ ಹಲ್ಲುಜ್ಜುವ ಬ್ರಷ್ಷುಗಳು. ಕೆಲಸಕ್ಕೆ ಮೊದಲೂ ಸಾಬೂನು ಕೇಳುತ್ತಿದ್ದರು, ಆಮೇಲೂ ಕೇಳುತ್ತಿದ್ದರು. ಡಬ್ಬಿಯ ರೊಟ್ಟಿಗೆ ಸ್ಪಿರಿಟ್ ವಾಸನೆ ಬರುವುದಿಲ್ಲವೇ ಎಂದು ನಾನೊಮ್ಮೆ ಕೇಳಿದ್ದಕ್ಕೆ, "ನಿಮ್ಮ ಗಿರಾಕಿಗಳ ವಾಸನಿಗಿಂತ ಚೊಲೊ ಅದ, ಬೇಟಿ" ಎಂದಿದ್ದರು.

ಟಚ್ ಸ್ಕ್ರೀನ್ ಇರುವ ಸೈಕಲ್ ಎಂದರೆ ನೋಡುವುದಕ್ಕೆ ದೊಡ್ಡ ಮಾಯೆ. ಆದರೆ ಒಳಗಿನ ಗುಟ್ಟು ಬಡವರ ಮನೆಯ ಕರೆಂಟಿನಷ್ಟೇ. ಕೆಳಗೆ ಗಾಲಿಯ ಹತ್ತಿರ ಒಂದು ಸೆನ್ಸರು. ಅಲ್ಲಿಂದ ಒಂದು ಕೇಬಲ್ಲು ಮುಂದಿನ ಕಂಬದ ಒಳಗೆ ಹತ್ತಿ ಬರುತ್ತದೆ. ಸ್ಕ್ರೀನಿನಿಂದ ಇನ್ನೊಂದು ಕೇಬಲ್ಲು ಇಳಿದು ಬರುತ್ತದೆ. ಕಂಬದ ಮೇಲ್ತುದಿಯಲ್ಲಿ ಎರಡೂ ಒಂದು ಬಿಳಿ ಪ್ಲಾಸ್ಟಿಕ್ ಗಂಟಿನಲ್ಲಿ ಕೂಡುತ್ತವೆ. ಚಾಚಾ ಅದನ್ನು 'ಜೋಡ್' ಎನ್ನುತ್ತಿದ್ದರು. ಸ್ಕ್ರೀನು ಕಪ್ಪಾಗಲಿ, ಎಷ್ಟು ತುಳಿದರೂ ವೇಗ ಸೊನ್ನೆ ತೋರಿಸಲಿ, ಸೀಟಿನ ಮೇಲೆ ಕೂತ ಕೂಡಲೇ ಆರಿಹೋಗಲಿ, ಅವರು ನೇರ ಅಲ್ಲಿಗೇ ಕೈಹಾಕುತ್ತಿದ್ದರು. "ಬೀಮಾರಿ ವೈರಿನಾಗ ಇರಂಗಿಲ್ಲ, ಜೋಡಿನಾಗ ಇರ್ತದ" ಎಂಬುದು ಅವರ ಮಂತ್ರ. ತುಳಿಯುವವರನ್ನು ಕಂಡರೆ ಅವರಿಗೆ ನಗೆ. "ತುಳೀತಾರ, ತುಳೀತಾರ, ತಾಸಗಟ್ಲೆ ತುಳೀತಾರ. ಜನವಾಡಕ್ಕೂ ಮುಟ್ಟಂಗಿಲ್ಲ!"

ಅವರ ಇನ್ನೊಂದು ಅಭ್ಯಾಸಕ್ಕೆ ಮೂರೂ ಊರಿನ ಜಿಮ್ಮಿನವರು ಹೆದರುತ್ತಿದ್ದರು. ಕೆಲಸ ಶುರುಮಾಡುವಾಗ ನೆಲದ ಮೇಲೆ ಒಂದು ಹಳೆಯ ಪೇಪರು ಹಾಸುತ್ತಿದ್ದರು. ಯಂತ್ರದ ಹೊಟ್ಟೆಯಿಂದ ಹೊರಬಂದದ್ದನ್ನೆಲ್ಲ ಅದರ ಮೇಲೆ ಸಾಲಾಗಿ ಇಡುತ್ತಿದ್ದರು. ಕೂದಲ ಗಂಟು, ಬೆವರು ಒಣಗಿ ಕಟ್ಟಿದ ಉಪ್ಪಿನ ಹೆಕ್ಕಳೆ, ಮುರಿದ ಉಗುರು, ಜಿರಲೆ ಕಾಲು. ಕೆಲಸ ಮುಗಿದ ಮೇಲೆ ಯಜಮಾನರನ್ನು ಕರೆದು, "ನೋಡ್ರಿ, ಇದು ನಿಮ್ದು" ಎಂದು ಪೇಪರನ್ನು ಅವರ ಕೈಗೇ ಕೊಡುತ್ತಿದ್ದರು. ಧನರಾಜ ಅಣ್ಣ ಒಮ್ಮೆ ಬೆರಳ ತುದಿಯಲ್ಲಿ ಅದನ್ನು ಹಿಡಿದು, ಎಲ್ಲಿ ಎಸೆಯಬೇಕೆಂದು ತಿಳಿಯದೆ ಜಿಮ್ಮಿನ ತುಂಬ ತಿರುಗಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಔರಾದಿನ ಕಥೆ ಇನ್ನೂ ಹೇಸಿಗೆಯದು. ಅಲ್ಲಿನ ಟ್ರೇನರ್ ವೈಜಿನಾಥ ಮೈಯೆಲ್ಲ ತೋಳಾದ ಮನುಷ್ಯ. ಜೋಡಿನ ಪಿನ್ನು ಬಿಗಿಯಾಗಿದೆ, ಸಲೀಸಾಗಿ ಕೂಡಲಿ ಎಂದು ಅದಕ್ಕೆ ತಲೆಗೆ ಹಚ್ಚುವ ಎಣ್ಣೆ ಬಿಟ್ಟಿದ್ದ. ಎಣ್ಣೆಗೆ ಧೂಳು ಕೂತಿತು, ಧೂಳಿಗೆ ಜಿರಲೆ ಬಂತು, ಜಿರಲೆ ಅಲ್ಲೇ ಸಂಸಾರ ಹೂಡಿತು. ಆ ದಿನ ಅಲ್ಲಿಯ ಹೆಂಗಸರ ಬ್ಯಾಚು ನೋಡಲೆಂದು ನಾನೂ ಹೋಗಿದ್ದೆ. ಚಾಚಾ ಜೋಡನ್ನು ಬಿಚ್ಚಿದರು. ನಾನು ಹೊರಗೆ ಓಡಿಹೋಗಿ ವಾಂತಿ ಮಾಡಿಕೊಂಡೆ. ಒಳಗೆ ಬಂದಾಗ ವೈಜಿನಾಥ ಪೇಪರಿನ ಮುಂದೆ ಮೊಣಕಾಲೂರಿ ಕೂತಿದ್ದ.

"ಮೂಸು," ಚಾಚಾ ಹೇಳುತ್ತಿದ್ದರು.

"ಬ್ಯಾಡ್ರಿ ಚಾಚಾ, ತಪ್ಪಾಯ್ತ್ರಿ."

"ತಪ್ಪು ಎಲ್ಲರೂ ಮಾಡ್ತಾರ. ಮಾಡಿದ ಮ್ಯಾಲ ವಾಸನಿನೂ ತಗೋಬೇಕು. ಮೂಸು!"

ವೈಜಿನಾಥ ಮೂಸಿದ. ಆಮೇಲೆ ಔರಾದಿನ ಯಂತ್ರಗಳು ಮೂರೂ ಜಿಮ್ಮಿನಲ್ಲಿ ಎಲ್ಲಕ್ಕಿಂತ ಸ್ವಚ್ಛವಾಗಿದ್ದವು.

ನನ್ನೊಬ್ಬಳಿಗೆ ಮಾತ್ರ ಅವರು ಎಂದೂ ಪೇಪರು ಕೊಟ್ಟವರಲ್ಲ. ನಾನು ಸ್ಪಿರಿಟ್ ಹಾಕಿ ಒರೆಸುವುದನ್ನು ನೋಡಿ, "ಬೇಟಿ, ನಿನ್ನ ಕೈ ಸಾಫ ಅದ" ಎನ್ನುತ್ತಿದ್ದರು. ಭಾಲ್ಕಿಯ ಜಿಮ್ಮಿಗೆ ಬಂದ ದಿನ ನಮ್ಮ ಮನೆಗೂ ಬರುತ್ತಿದ್ದರು. ಅವ್ವ ಬಿಸಿ ರೊಟ್ಟಿ, ಪುಂಡಿ ಪಲ್ಯ ಬಡಿಸುತ್ತಿದ್ದಳು. ಹೊಸ್ತಿಲಲ್ಲಿ ನಿಂತು ಒಮ್ಮೆ ಮೂಗೇರಿಸಿ, "ಈ ಮನಿ ವಾಸನಿ ಚೊಲೊ ಅದ" ಎಂದು ಹೇಳದೆ ಅವರು ಒಳಗೆ ಕಾಲಿಟ್ಟದ್ದಿಲ್ಲ. ಆ ಮಾತು ಕೇಳಿ ನಾನು ಉಬ್ಬುತ್ತಿದ್ದೆ.

ಈಗ ನನ್ನ ಗಲೀಜಿನ ವಿಷಯಕ್ಕೆ ಬರುತ್ತೇನೆ.

ಆ ವರ್ಷ ಶ್ರಾವಣದಲ್ಲಿ ಧನರಾಜ ಅಣ್ಣ ಬೀದರಿನ ಜಿಮ್ಮಿಗೆ ಹೊಸ ಸೈಕಲ್ ತರಿಸಿದರು. ಹಿಟ್ಟು ನಾದುವ ಪರಾತದಷ್ಟು ಅಗಲದ ಸ್ಕ್ರೀನು. ದಸರೆಯ ಖಂಡೆ ಪೂಜೆಯ ದಿನ ಎಲ್ಲ ಯಂತ್ರಗಳಿಗೂ ನನ್ನ ಕೈಯಿಂದಲೇ ಪೂಜೆ. ನಮ್ಮ ಮನೆಯಲ್ಲಿ ಅಪ್ಪ ಮೋಟರ್‌ಸೈಕಲ್ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಕಾಯಿ ಒಡೆದು ಅದರ ನೀರನ್ನು ಮೀಟರಿನ ಮೇಲೇ ಸುರಿಯುತ್ತಿದ್ದ. ನಾನು ಕಲಿತದ್ದು ಅದನ್ನೇ. ಪೆಡಲಿನ ಕೆಳಗೆ ನಿಂಬೆಹಣ್ಣಿಟ್ಟೆ, ಸ್ಕ್ರೀನಿಗೆ ಮೂರು ಬೆರಳು ವಿಭೂತಿ ಎಳೆದೆ, ಕುಂಕುಮ ಇಟ್ಟೆ, ಅಕ್ಷತೆ ಹಾಕಿದೆ. ಹೊಸದು, ದುಬಾರಿಯದು, ದೃಷ್ಟಿ ತಾಗದಿರಲಿ ಎಂದು ಕಾಯಿ ಒಡೆದು ಎರಡೂ ಹೋಳಿನ ನೀರನ್ನು ಅದರ ನೆತ್ತಿಯ ಮೇಲೆ ಸುರಿದೆ. ನೀರು ಸ್ಕ್ರೀನಿನ ಹಿಂದಿನಿಂದ ಇಳಿದು ಕಂಬದೊಳಗೆ ಹೋದದ್ದನ್ನು ಕಣ್ಣಾರೆ ಕಂಡೆ. ಬೆವರಿನ ಒಂದು ಹನಿ ಬಿದ್ದರೆ ಜನರನ್ನು ಬೈಯುವ ನಾನು, ಕೈಮುಗಿದು ನಿಂತಿದ್ದೆ.

ಹಬ್ಬ ಮುಗಿದು ಬಾಗಿಲು ತೆಗೆದರೆ ಸ್ಕ್ರೀನು ಕಪ್ಪು. ಅಣ್ಣ ಹಬ್ಬಕ್ಕೂ ಮೊದಲೇ ಯಾವುದೋ ಕೆಲಸಕ್ಕೆ ಹೈದರಾಬಾದಿಗೆ ಹೋಗಿದ್ದರು. ನಾನು ಚಾಚಾನಿಗೆ ಫೋನು ಮಾಡಿದೆ. ಅವರು ಬಂದರು, ಬಗ್ಗಿದರು, ಮೂಸಿದರು. ಆದರೆ ಥೂ ಎನ್ನಲಿಲ್ಲ. ಸ್ಕ್ರೀನಿನ ಹಿಂದಿನ ಮುಚ್ಚಳ ತೆಗೆದು ಜೋಡನ್ನು ಹೊರಗೆಳೆದರು. ಬಿಳಿ ಪ್ಲಾಸ್ಟಿಕ್ಕು ಕುಂಕುಮದಿಂದ ಕೆಂಪಾಗಿ ಅಂಟಂಟಾಗಿತ್ತು. ಪಿನ್ನುಗಳ ನಡುವೆ ಎರಡು ಅಕ್ಕಿಕಾಳು, ಸುತ್ತ ಇರುವೆ ಸಾಲು.

"ಕಾಯಿ ನೀರೇನು?"

"ಹೌದು ಚಾಚಾ."

ಅವರು ಬ್ರಷ್ಷಿಗೆ ಸ್ಪಿರಿಟ್ ಹಾಕಿ ಒಂದೊಂದೇ ಪಿನ್ನು ತಿಕ್ಕಿದರು. ಹೊರಬಂದದ್ದನ್ನು ಪೇಪರಿನಲ್ಲಿ ಮಡಿಸಿ, ಹೊರಗೆ ಹೋಗಿ ಬೇವಿನ ಮರದ ಬುಡದಲ್ಲಿ ಇಟ್ಟು ಬಂದರು. ಯಾಕೆ ಎಂದು ಕೇಳಿದೆ.

"ಅದು ಗಲೀಜ ಅಲ್ಲ, ಬೇಟಿ. ದೇವರಿಗಿ ಹಚ್ಚಿದ್ದು. ಜಿರಲಿ ಸಾಲಿನಾಗ ಇಡಬಾರ್ದು." ಆಮೇಲೆ ಪ್ಲಗ್ಗಿನ ವೈರು ಸುತ್ತಿ ಹಿಡಿಕೆಗೆ ನೇತುಹಾಕಿದರು. "ಜೋಡ್ ಸಾಫ ಆಯ್ತು. ಆದ್ರ ನೀರು ಸ್ಕ್ರೀನಿನ ಒಳಗೂ ಹೋಗ್ಯಾದ. ಎರಡು ದಿನ ಕರೆಂಟ ಹಚ್ಚಬ್ಯಾಡ, ಒಣಗಲಿ. ಶುಕ್ರವಾರ ನಮಾಜ ಮುಗಿಸ್ಕೊಂಡು ಬರ್ತೇನಿ. ನಾನೇ ಹಚ್ತೇನಿ."

ಅದೇ ಸಂಜೆ ಧನರಾಜ ಅಣ್ಣ ಇಬ್ಬರು ಗೆಳೆಯರನ್ನು ಕರೆದುಕೊಂಡು ಬಂದರು, ಹೊಸ ಸೈಕಲ್ ತೋರಿಸಲು.

"ಇದು ಯಾಕ ಬಂದ್ ಅದ, ಸುವರ್ಣಾ?"

"ಬಂದ್ ಬಿದ್ದಿತ್ರಿ ಅಣ್ಣಾ. ಚಾಚಾ ಬಂದು ನೋಡಿ ಹೋಗ್ಯಾರ."

"ರಿಪೇರಿ ಆಯ್ತು?"

ಎರಡು ದಿನ ಬೇಡ ಎಂದರೆ ಯಾಕೆ ಎಂದು ಕೇಳುತ್ತಾರೆ. ಒಳಗೆ ನೀರಿದೆ ಎಂದರೆ ಯಾರು ಹಾಕಿದರು ಎನ್ನುತ್ತಾರೆ. ಆ ಗೆಳೆಯರ ಮುಂದೆ, ಇಷ್ಟು ವರ್ಷ ಎಲ್ಲರಿಗೂ ಶುಚಿಯ ಪಾಠ ಹೇಳಿದ ಬಾಯಿಂದ, ಅದನ್ನು ಹೇಳಬೇಕಿತ್ತು. "ಆಯ್ತ್ರಿ" ಎಂದುಬಿಟ್ಟೆ. ಅಣ್ಣ ಪ್ಲಗ್ಗು ಹಾಕಿದರು. ಸ್ಕ್ರೀನು ಚೆಂದಾಗಿ ಬೆಳಗಿತು. ಗೆಳೆಯರಲ್ಲೊಬ್ಬರು ಹತ್ತಿ ಕೂತು ನಾಲ್ಕು ಸುತ್ತು ತುಳಿದಿರಬೇಕು, ಒಳಗಿಂದ ಚಟ್ ಎಂದಿತು. ಸುಟ್ಟ ಪ್ಲಾಸ್ಟಿಕ್ಕಿನ ಜೊತೆಗೆ ಸೀದ ಕೊಬ್ಬರಿಯ ವಾಸನೆ ಬಂತು. ಅಲ್ಲಿದ್ದವರಲ್ಲಿ ಅದು ಕೊಬ್ಬರಿಯೆಂದು ತಿಳಿದದ್ದು ನನಗೊಬ್ಬಳಿಗೇ.

ಕಂಪನಿಯವರು ನೋಡುವವರೆಗೆ ಯಾರೂ ಮುಟ್ಟಬಾರದು ಎಂದರು ಅಣ್ಣ, ಶುಕ್ರವಾರ ಬರಬೇಡಿ ಎಂದು ನಾನು ಚಾಚಾನಿಗೆ ಫೋನು ಮಾಡಿದೆ. ಮುಂದಿನ ವಾರ ಕಂಪನಿಯವನು ಬಂದ. ಹೊಳೆಯುವ ಬೂಟಿನವನು. ಮುಚ್ಚಳದ ಮೇಲಿನ ಚೀಟಿ ಹರಿದಿದೆ, ಹೊರಗಿನವರು ಬಿಚ್ಚಿದ್ದಾರೆ, ಗ್ಯಾರಂಟಿ ಹೋಯಿತು ಎಂದ. ಯಾಕೆ ಸುಟ್ಟಿತೆಂದು ಬಗ್ಗಿಯೂ ನೋಡಲಿಲ್ಲ, ಮೂಸುವುದು ದೂರದ ಮಾತು. ಅಣ್ಣ ಚಾಚಾನನ್ನು ಕರೆಸಿದರು. ಬ್ಯಾಚಿನವರೆಲ್ಲ ನಿಂತು ನೋಡುತ್ತಿದ್ದರು.

"ನಾ ಬಿಚ್ಚೇನಿ, ಖರೇ," ಚಾಚಾ ಹೇಳಿದರು. "ಎರಡು ದಿನ ಕರೆಂಟ ಹಚ್ಚಬ್ಯಾಡ್ರಿ ಅಂತ ಹೇಳಿ ಹೋಗೇನಿ. ಮ್ಯಾಡಮ್ನೋರು ಇಲ್ಲೇ ಇದ್ರು, ಕೇಳ್ರಿ."

ಬೇಟಿ ಎನ್ನುವವರು ಮ್ಯಾಡಮ್ ಎಂದಿದ್ದರು. ಎಲ್ಲರೂ ನನ್ನ ಕಡೆ ನೋಡಿದರು.

"ನನಗ ನೆನಪಿಲ್ರಿ ಅಣ್ಣಾ," ಎಂದೆ.

ಚಾಚಾ ನನ್ನನ್ನು ನೋಡಿದರು. ಕಿವಿಯ ಹತ್ತಿಗೆ ಕೈ ಹೋಯಿತು, ಆದರೆ ತೆಗೆಯಲಿಲ್ಲ. ಬುತ್ತಿ ಡಬ್ಬಿ ಎತ್ತಿಕೊಂಡು, ಸಾಬೂನೂ ಕೇಳದೆ ಹೊರಟುಹೋದರು.

ಆ ದಿನ ಸಂಜೆ ಅಣ್ಣ ಜಿಲ್ಲೆಯ ಜಿಮ್ಮಿನವರ ವಾಟ್ಸಾಪ್ ಗುಂಪಿಗೆ ಒಂದು ಧ್ವನಿ ಸಂದೇಶ ಹಾಕಿದರು. "ಆ ಜನವಾಡದ ಚಾಂದಪಾಶಾಗ ಯಾರೂ ಮಷೀನ್ ಮುಟ್ಟಸಬ್ಯಾಡ್ರಿ. ಹೊಸ ಸೈಕಲ್ ಸುಟ್ಟು ಹಾಕ್ಯಾನ. ಮ್ಯಾಲ ಸುಳ್ಳೂ ಹೇಳ್ತಾನ." ಕೆಳಗೆ ಸಾಲಾಗಿ ಹೆಬ್ಬೆರಳುಗಳು ಬಂದವು. ಗುಂಪಿನಲ್ಲಿ ನಾನೂ ಇದ್ದೆ. ಅಣ್ಣನ ಕೆಲಸದವಳು ಒತ್ತದಿದ್ದರೆ ಚೆನ್ನಾಗಿರುವುದಿಲ್ಲ ಎಂದು ನಾನೂ ಒಂದು ಹೆಬ್ಬೆರಳು ಒತ್ತಿದೆ. ಒತ್ತಿದ ಮೇಲೆ ಬಚ್ಚಲಿಗೆ ಹೋಗಿ ಕೈ ತೊಳೆದೆ. ಔರಾದಿನಲ್ಲಿ ಜಿರಲೆ ನೋಡಿ ವಾಂತಿ ಮಾಡಿದವಳಿಗೆ ಆ ದಿನ ವಾಂತಿಯೂ ಬರಲಿಲ್ಲ, ಎಂಥ ಗಟ್ಟಿ ಹೊಟ್ಟೆ ನೋಡಿ!

ಒಂದು ವರ್ಷ ಚಾಚಾನನ್ನು ಯಾರೂ ಕರೆಯಲಿಲ್ಲ. ಊರಲ್ಲೇ ಮಿಕ್ಸರ್ ರಿಪೇರಿ ಮಾಡಿಕೊಂಡಿದ್ದಾರೆ ಎಂದು ವೈಜಿನಾಥ ಹೇಳಿದ. ಅವ್ವ ಎರಡು ಸಲ ಕೇಳಿದಳು, "ಚಾಂದಪಾಶಾ ಯಾಕ ಬರವಲ್ಲ?" ಪುರಸೊತ್ತಿಲ್ಲವಂತೆ ಎಂದೆ. ಸುಳ್ಳು ಹೇಳುವುದೂ ಬೆವರು ಒರೆಸಿದ ಹಾಗೆ, ರೂಢಿಯಾದರೆ ಕೈ ತಾನಾಗಿ ಓಡುತ್ತದೆ.

ಮತ್ತೆ ಖಂಡೆ ಪೂಜೆ ಬಂತು. ಹೊಸ ಸ್ಕ್ರೀನು ಹಾಕಿಸಿದ ಆ ಸೈಕಲ್ಲಿನ ಮುಂದೆ ಅಣ್ಣ ನನ್ನ ಕೈಗೆ ಕಾಯಿ ಕೊಟ್ಟರು. ನನ್ನ ಮೂಗಿಗೆ ಸೀದ ಕೊಬ್ಬರಿ ವಾಸನೆ ಬಡಿಯಿತು. ಹೊರಗೆ ಹೋಗಿ ಹೊಸ್ತಿಲಿಗೆ ಕಾಯಿ ಒಡೆದು, ನೀರನ್ನು ಬೇವಿನ ಬುಡಕ್ಕೆ ಹಾಕಿ ಬಂದೆ.  ಮರುದಿನ ವಿಜಯದಶಮಿ. ಬನ್ನಿ ಎಲೆ ಕಟ್ಟಿಕೊಂಡು ಜನವಾಡದ ಬಸ್ಸು ಹತ್ತಿದೆ.

ಅಂಗಳದಲ್ಲಿ ಕೂತು ಯಾರದೋ ಮಿಕ್ಸರ್ ಬಿಚ್ಚಿದ್ದರು. ತೀರ ಸೊರಗಿದ್ದರು. ಕುತ್ತಿಗೆಯಲ್ಲಿ ನರಗಳೇ ಕಾಣುತ್ತಿದ್ದವು. ಬನ್ನಿ ಕೊಟ್ಟು ಕಾಲು ಮುಟ್ಟಿ, "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಚಾಚಾ" ಎಂದೆ. ಊರವರು ಕೊಟ್ಟ ಬನ್ನಿ ಆಗಲೇ ಅವರ ಪಕ್ಕದಲ್ಲಿ ಒಂದು ಗುಡ್ಡೆಯಿತ್ತು. ನನ್ನದನ್ನೂ ಎರಡು ಕೈಯಲ್ಲಿ ತೆಗೆದುಕೊಂಡರು. ನಾನು ಅಳುತ್ತ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು.

"ನನಗ ಯಾಕ ಹೇಳ್ತಿ? ನನಗ ಗೊತ್ತದ. ಗೊತ್ತಿಲ್ಲದವರಿಗಿ ಹೇಳು."

"ಅವತ್ತು ನೀವೇ ಹೇಳಬೇಕಿತ್ತಲ್ರಿ ಚಾಚಾ, ಕಾಯಿ ನೀರಿಂದ ಕೆಟ್ಟದ ಅಂತ."

"ಪೂಜಿ ನೀರಿನಿಂದ ಕೆಟ್ಟದ ಅಂತ ಚಾಂದಪಾಶಾ ಹೇಳಿದ್ರ ಮಾತು ಎಲ್ಲಿಗಿ ಹೋಗ್ತಿತ್ತು, ಬೇಟಿ?" ಮಿಕ್ಸರಿನ ಸ್ಕ್ರೂ ತಿರುಗಿಸುತ್ತಲೇ ಹೇಳಿದರು. "ಅದು ನೀ ಹೇಳೋ ಮಾತಿತ್ತು."

ನಾನು ಅಲ್ಲೇ ಫೋನು ತೆಗೆದೆ. ಅದು ಸತ್ತು ಬಿದ್ದಿತ್ತು. ವಾರದಿಂದ ಚಾರ್ಜರಿನ ಪಿನ್ನು ಸರಿಯಾಗಿ ಕೂರುತ್ತಿರಲಿಲ್ಲ, ರಬ್ಬರ್ ಬ್ಯಾಂಡ್ ಸುತ್ತಿ ನಡೆಸುತ್ತಿದ್ದೆ. ಚಾಚಾ ಕೈ ಚಾಚಿದರು. ಕೊಟ್ಟೆ. ಮೂಗಿನ ಹತ್ತಿರ ಒಯ್ದು ಮೂಸಿದರು.

"ಥೂ!"

ಆಮೇಲೆ ಪೇಪರು ಹಾಸಿದರು. ಸೂಜಿಯಿಂದ, ಬ್ರಷ್ಷಿನಿಂದ ಪಿನ್ನಿನ ತೂತನ್ನು ಕೆದಕಿದರು. ಬ್ಯಾಗಿನ ನೂಲು, ಪೌಡರು, ಕುಂಕುಮ, ಬೆವರು ಎಲ್ಲ ಸೇರಿ ಕಟ್ಟಿದ ಒಂದು ಬೂದು ಗಂಟು ಹೊರಬಂತು. ಆ ಚಿಕ್ಕ ತೂತಿನಲ್ಲಿ ಅಷ್ಟೊಂದು ಇದ್ದದ್ದು ಹೇಗೋ. ಅದನ್ನು ಪೇಪರಿನ ನಡುವೆ ಇಟ್ಟು ನನ್ನ ಕಡೆ ತಳ್ಳಿದರು.

"ನೋಡು, ಇದು ನಿಂದು."

ಚಾರ್ಜರ್ ಸಿಕ್ಕಿಸಿದರು. ಟಕ್ ಎಂದು ಕೂತಿತು. ಫೋನಿನಲ್ಲಿ ಬೆಳಕು ಬಂದ ಕೂಡಲೇ ಅವರು ಎದ್ದು ಕೈ ತೊಳೆಯಲು ಹಿತ್ತಲಿಗೆ ಹೋದರು. ನಾನು ಮಾತಾಡುವಾಗ ಎದುರಿಗೆ ಇರಬಾರದು ಎಂದೇ ಹೋದರು ಅಂತ ನನಗೆ ಗೊತ್ತು. ನಾನು ಗುಂಪು ತೆಗೆದು ಮಾತಾಡಿದೆ. "ಹೋದ ವರ್ಷ ಬೀದರಿನ ಸೈಕಲ್ ಕೆಟ್ಟದ್ದು ನಾನು ಹಾಕಿದ ಕಾಯಿ ನೀರಿನಿಂದ. ಎರಡು ದಿನ ಕರೆಂಟ ಹಚ್ಚಬ್ಯಾಡ ಅಂತ ಚಾಚಾ ಹೇಳಿ ಹೋಗಿದ್ರು. ನೆನಪಿಲ್ಲ ಅಂದದ್ದು ಸುಳ್ಳು." ಇಷ್ಟೇ. ಅದೇ ಹೆಬ್ಬೆರಳಿನಿಂದ ಒತ್ತಿ ಕಳಿಸಿದೆ.

 ಎರಡು ದಿನದ ಮೇಲೆ ಗುಂಪಿನಲ್ಲಿ ವೈಜಿನಾಥನದೊಂದೇ ಹೆಬ್ಬೆರಳು ಬಂತು. ಅಣ್ಣ ನನ್ನನ್ನು ಭಾಲ್ಕಿಯ ಜಿಮ್ಮಿಗೆ ಹಾಕಿದರು. ಶಿಕ್ಷೆಯೆಂದು ಅವರು ತಿಳಿದರು, ನನಗೆ ದಿನದ ಬಸ್ಸಿನ ಓಡಾಟ ತಪ್ಪಿತು. ದೀಪಾವಳಿ ಕಳೆದ ಮೇಲೆ ಅವರೇ ಚಾಚಾನಿಗೆ ಫೋನು ಮಾಡಿ, "ಆದದ್ದು ಆಯ್ತು, ಬರ್ರಿ" ಎಂದರಂತೆ. "ಬೀದರ ದೂರ ಆಗ್ತದ್ರಿ" ಎಂದರಂತೆ ಚಾಚಾ. ಔರಾದಿಗೆ ಮಾತ್ರ ಒಮ್ಮೆ ಹೋಗಿ ಬಂದರು. ಔರಾದು ಬೀದರಿಗಿಂತ ದೂರ. ರಂಜಾನಿಗೆ ಮೊದಲೇ ಅವರು ತೀರಿಕೊಂಡರು. ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು.

ಈಗ ಭಾಲ್ಕಿಯಲ್ಲಿ ಜೋಡು ಬಿಚ್ಚಿ ತಿಕ್ಕುವವಳು ನಾನೇ. ಮೊದಲು ಮೂಸುತ್ತೇನೆ, ಆಮೇಲೆ ಪೇಪರು ಹಾಸುತ್ತೇನೆ. ಹೆಂಗಸರು ಮೂಗು ಮುರಿಯುತ್ತಾರೆ, ಮುರಿಯಲಿ.

ಆ ದಿನ ಜನವಾಡದಲ್ಲಿ ಅವರು ಕೈ ಒರೆಸಿಕೊಂಡು ಬಂದು, ನಾನು ಏನು ಹೇಳಿದೆ ಎಂದು ಕೇಳಲೇ ಇಲ್ಲ. ಅವರ ಹೆಂಡತಿ ತಂದುಕೊಟ್ಟ ಚಹಾ ಕುಡಿದೆವು. ಬಸ್ಸಿನ ಹಾರ್ನು ಕೇಳಿಸಿತು. ನಾನು ಬ್ಯಾಗು ಎತ್ತಿಕೊಂಡು ಅಂಗಳ ದಾಟಿ ಓಡುತ್ತಿದ್ದೆ. ಹಿಂದಿನಿಂದ ಕೂಗಿದರು. ತಿರುಗಿ ನೋಡಿದರೆ, ಆ ಪೇಪರನ್ನು ನಾಲ್ಕು ಮಡಿಕೆ ಮಾಡಿ ಹಿಡಿದುಕೊಂಡು ಮೆಲ್ಲಗೆ ಬರುತ್ತಿದ್ದರು. ನನ್ನ ಅಂಗೈ ಬಿಡಿಸಿ ಇಟ್ಟರು.

"ಬೇಟಿ, ನಿಂದು ಇಲ್ಲೇ ಉಳಿದಿತ್ತು."